ಪಡುವಣ ಬಾಗಿಲು

ಸಿದ್ದಲಿಂಗಸ್ವಾಮಿ ಮೇಷ್ಟ್ರಿಗೆ ಲೋಕದಲ್ಲಿ ಇದ್ದದ್ದು ಒಂದೇ ಒಂದು ವೈರ, ಅದೂ ಮನುಷ್ಯರ ಮೇಲಲ್ಲ. ಶಾಲೆಯ ದೊಡ್ಡ ಹಾಲ್‌ಗೆ ತೊಂಬತ್ತನಾಲ್ಕರಲ್ಲಿ ಹೊಡೆಸಿದ್ದ ಬಿಳಿಯ ಸೀಲಿಂಗ್ ಮೇಲೆ. ಹೊಡೆಸಿದವರ ಕಾರಣವೇನೂ ಸುಳ್ಳಲ್ಲ. ಹಳೆಯ ತಾರಸಿಯಿಂದ ಸುಣ್ಣದ ಪುಡಿ ಉದುರುತ್ತಿತ್ತು, ತೊಲೆಗಳ ಮೇಲೆ ಪಾರಿವಾಳಗಳು ಸಂಸಾರ ಹೂಡಿದ್ದವು, ಒಂದು ವಾರ್ಷಿಕೋತ್ಸವದಲ್ಲಂತೂ ಮುಖ್ಯ ಅತಿಥಿಗಳ ಜರಿಪೇಟದ ಮೇಲೆಯೇ ಅವು ತಮ್ಮ ಅಭಿಪ್ರಾಯ ತಿಳಿಸಿಬಿಟ್ಟವು. ಆಡಳಿತ ಸಮಿತಿಯವರು ಮರುತಿಂಗಳೇ ಹಲಗೆ ತರಿಸಿ, ಕೈಗೆಟುಕದಷ್ಟು ಎತ್ತರಕ್ಕೆ ಚಪ್ಪಟೆಯಾಗಿ ಹೊಡೆಸಿ, ಟ್ಯೂಬ್‌ಲೈಟ್ ಸಿಕ್ಕಿಸಿ, ಒಂದು ಮೈಕು ತಂದಿಟ್ಟು ಕೈತೊಳೆದುಕೊಂಡರು. ಇಷ್ಟಕ್ಕೆಲ್ಲ ಯಾರಾದರೂ ವರ್ಷಗಟ್ಟಲೆ ಮುಖ ಗಂಟಿಕ್ಕಿಕೊಂಡು ಇರುತ್ತಾರೆಯೇ? ಮೇಷ್ಟ್ರು ಇದ್ದರು.

ಯಾಕೆಂದು ತಿಳಿಯಬೇಕಾದರೆ ಆ ಹಾಲ್ ಮೊದಲು ಹೇಗಿತ್ತೆಂದು ಹೇಳಬೇಕು. ಇಪ್ಪತ್ತನೆಯ ಶತಮಾನ ಆಗಷ್ಟೇ ಕಣ್ಣುಬಿಟ್ಟಿದ್ದಾಗ, ಊರಿನ ಹುಡುಗರಿಗೆ ಇಂಗ್ಲಿಷ್ ಕಲಿಸುವುದಕ್ಕೆಂದೇ ಕಟ್ಟಿದ ಶಾಲೆ ಅದು. ಹೊರಗೆ ಕೆಂಪು ಇಟ್ಟಿಗೆ, ಸುತ್ತ ಕಮಾನುಗಳ ವೆರಾಂಡಾ. ಮೈಸೂರಿನಲ್ಲಿ ಕಮಾನಿಗೇನು ಬರ, ಯಾವ ಬೀದಿಗೆ ಹೋದರೂ ಒಂದು ಸಿಗುತ್ತದೆ. ಆದರೆ ಕಟ್ಟಿಸಿದ ಇಂಜಿನಿಯರನ ಬುದ್ಧಿಯೆಲ್ಲ ಖರ್ಚಾಗಿದ್ದು ಒಳಗಿನ ಹಾಲ್‌ನಲ್ಲಿ. ಮೂಡಣ ತುದಿಯಲ್ಲಿ ಮರದ ವೇದಿಕೆ, ಅದರ ಹೊಟ್ಟೆ ಟೊಳ್ಳು. ವೇದಿಕೆಯ ಹಿಂದಿನ ಗೋಡೆ ನೆಟ್ಟಗಿಲ್ಲದೆ ಮೊರದ ಹಾಗೆ ಒಳಕ್ಕೆ ಬಾಗಿದೆ. ಮೇಲೆ ತೇಗದ ತೊಲೆಗಳು, ತೊಲೆಗಳ ಮೇಲೆ ಜಂತೆಗಳು, ಜಂತೆಗಳ ಮೇಲೆ ತೆಳು ಇಟ್ಟಿಗೆಗಳನ್ನು ಓರೆಯಾಗಿ ನಿಲ್ಲಿಸಿ ಸುಣ್ಣದ ಗಾರೆಯಲ್ಲಿ ಕೂರಿಸಿದ ಮದ್ರಾಸ್ ತಾರಸಿ. ಗೋಡೆಗಳ ನೆತ್ತಿಯಲ್ಲಿ ಸಾಲಾಗಿ ಗವಾಕ್ಷಿಗಳು, ಕೆಳಗಿನಿಂದ ಹಗ್ಗ ಎಳೆದರೆ ತೆರೆಯುವಂಥವು. ವೇದಿಕೆಯ ಮೇಲೆ ನಿಂತು ಪಕ್ಕದವರೊಡನೆ ಆಡುವಷ್ಟು ಮೆಲ್ಲಗೆ ಮಾತಾಡಿದರೂ ಸಾಕು, ಆ ಮಾತು ತಾರಸಿಗೆ ಏರಿ, ಇಡೀ ಹಾಲ್ ದಾಟಿ, ಪಡುವಣ ತುದಿಯ ಬಾಗಿಲಲ್ಲಿ ನಿಂತವರ ಕಿವಿಗೆ ಸ್ಪಷ್ಟವಾಗಿ ಬೀಳುತ್ತಿತ್ತು.

ಇದರ ಮೇಲೆಯೇ ಶಾಲೆಯಲ್ಲೊಂದು ಪದ್ಧತಿ ಬೆಳೆದುಬಂದಿತ್ತು. ಹೊಸದಾಗಿ ಸೇರಿದ ಮೇಷ್ಟ್ರು ಯಾರೇ ಆಗಲಿ, ಬೆಳಗಿನ ಪ್ರಾರ್ಥನೆಯ ಹೊತ್ತಿನಲ್ಲಿ ವೇದಿಕೆಯ ಮೇಲೆ ನಿಂತು, ದನಿ ಎತ್ತರಿಸದೆ, ತಮಗೆ ತೋಚಿದ ಒಂದು ವಾಕ್ಯ ಹೇಳಬೇಕು. ಎಲ್ಲರಿಗಿಂತ ಹಿರಿಯ ಮೇಷ್ಟ್ರು ಪಡುವಣ ಬಾಗಿಲಲ್ಲಿ ನಿಂತು ಅದನ್ನೇ ತಿರುಗಿ ಹೇಳಬೇಕು. ಮಾತಿಗೆ ಮಾತು ಕೂಡಿತೋ, ಬಾಗಿಲು ಪಾಸ್. ಅಲ್ಲಿಯವರೆಗೆ ಆ ವೇದಿಕೆ ಹತ್ತಿ ಪ್ರಾರ್ಥನೆ ನಡೆಸುವ ಹಾಗಿಲ್ಲ. ಬಾಗಿಲಲ್ಲಿ ನಿಂತವರ ತೀರ್ಪಿಗೆ ಹೆಡ್‌ಮಾಸ್ಟರೂ ಎದುರಾಡುವಂತಿಲ್ಲ. ಮೊದಲ ಇಂಗ್ಲಿಷ್ ದೊರೆ ಹೆಡ್‌ಮಾಸ್ಟರ್ ಮಾಡಿಟ್ಟದ್ದು ಎಂದು ಕೆಲವರು, ದೊರೆಯ ತಲೆಗೆ ಇಷ್ಟೆಲ್ಲ ಹೊಳೆಯುತ್ತಿತ್ತೇ ಎಂದು ಕೆಲವರು.

ಸಿದ್ದಲಿಂಗಸ್ವಾಮಿ ಮೇಷ್ಟ್ರು ಆ ಶಾಲೆಯಲ್ಲೇ ಓದಿದವರು. ಮಠದ ಉಚಿತ ಪ್ರಸಾದನಿಲಯದಲ್ಲಿ ಉಂಡುಕೊಂಡು, ಊರಿನ ಹುಡುಗರ ಎದುರು ಬಾಯಿ ತೆರೆಯಲೂ ನಾಚುತ್ತಿದ್ದ ಹಳ್ಳಿಯ ಹುಡುಗ. ಒಂದು ದಿನ ಅವರ ಇಂಗ್ಲಿಷ್ ಮೇಷ್ಟ್ರು ವೇದಿಕೆ ಹತ್ತಿಸಿ ಒಂದು ಪದ್ಯ ಹೇಳಿಸಿದರು. ಹುಡುಗನ ಬಾಯಿಂದ ಹೊರಟ ಗುಬ್ಬಚ್ಚಿ ದನಿ ತಾರಸಿಗೆ ಹೋಗಿ ಗಂಡಸಿನ ದನಿಯಾಗಿ ಇಳಿದುಬಂತು. ತನ್ನ ಮಾತನ್ನು ಇಷ್ಟು ಜನ ಕೇಳಬಲ್ಲರೆಂದು ಅವನಿಗೆ ಗೊತ್ತಾದದ್ದೇ ಅವತ್ತು. ಮುಂದೆ ಅವರು ಅಲ್ಲಿಯೇ ಇಂಗ್ಲಿಷ್ ಮೇಷ್ಟ್ರಾಗಿ ಬಂದು, ಬಾಗಿಲು ಪಾಸು ಮಾಡಿ, ಹಿರಿಯರೊಬ್ಬೊಬ್ಬರೇ ನಿವೃತ್ತರಾಗುತ್ತ ಬಂದಂತೆ ತಾವೇ ಬಾಗಿಲಲ್ಲಿ ನಿಲ್ಲುವವರಾದರು. ಸರ್ಕಾರ ಕೊಡುವ ಪ್ರಶಸ್ತಿಗಿಂತ ಅದು ದೊಡ್ಡದೆಂದು ಅವರು ನಂಬಿದ್ದರು.

ಸೀಲಿಂಗ್ ಹೊಡೆಸಿದ್ದಕ್ಕೆ ಒಂದು ವರ್ಷ ಮೊದಲು ಅವರ ಹೆಂಡತಿ ಪ್ರೇಮಲೀಲಾ ತೀರಿಕೊಂಡಿದ್ದರು. ಮಕ್ಕಳಿರಲಿಲ್ಲ. ಮದುವೆಯಾದ ಹೊಸದರಲ್ಲಿ ಆಕೆ ತೀರ ಮೆಲುದನಿಯವಳು. ಬರಬರುತ್ತ ದನಿ ದೊಡ್ಡದಾಯಿತು. ವಯಸ್ಸಾಗುತ್ತ ಹೆಂಗಸರಿಗೆ ಬಾಯಿ ಬರುತ್ತದೆ ಎಂದು ಮೇಷ್ಟ್ರು ಸ್ನೇಹಿತರೊಡನೆ ತಮಾಷೆ ಮಾಡುತ್ತಿದ್ದರು. ಆಕೆ ಹೋದಮೇಲೆ ಶ್ರೀರಾಂಪುರದ ಆ ಮನೆ ಇದ್ದಕ್ಕಿದ್ದಂತೆ ಮೂಕವಾಯಿತು. ಕುಕ್ಕರ್ ಸೀಟಿ ಹೊಡೆಯುವುದನ್ನು ಮರೆಯಿತು. ಹಾಲಿನವನು ಕೂಗದೆ ಪ್ಯಾಕೆಟ್ ಎಸೆದು ಹೋಗತೊಡಗಿದ. ಗೇಟಿನ ಸದ್ದು, ಮಳೆಯ ಸದ್ದು, ಎಲ್ಲವೂ ಆಕೆಯ ಹಿಂದೆಯೇ ಹೊರಟುಹೋದಂತಿತ್ತು. ದುಃಖ ಎಂದರೆ ಹೀಗೆಯೇ ಇರುತ್ತದೆ ಎಂದು ಮೇಷ್ಟ್ರು ತಿಳಿದರು. ಅವರಿಗೆ ಅದಕ್ಕೆ ಮುಂಚೆ ಹೆಂಡತಿ ಸತ್ತು ಗೊತ್ತಿರಲಿಲ್ಲ, ಹೋಲಿಸಿ ನೋಡುವುದಾದರೂ ಯಾವುದಕ್ಕೆ?

ನೆರೆಹೊರೆಯವರೂ ದೂರವಾದರು. ಪಕ್ಕದ ಮನೆಯ ಅಂಬುಜಮ್ಮ ಮೊದಲೆಲ್ಲ ಪ್ರೇಮಲೀಲಾಳೊಡನೆ ಕಾಂಪೌಂಡಿಗೆ ಒರಗಿ ಗಂಟೆಗಟ್ಟಲೆ ಹರಟುತ್ತಿದ್ದವರು. ಈಗ ಮೇಷ್ಟ್ರನ್ನು ಕಂಡರೆ ತಲೆ ಆಡಿಸಿ ಒಳಗೆ ಹೋಗುತ್ತಾರೆ. ಹೆಂಗಸಿದ್ದರೆ ತಾನೇ ಮನೆಗೆ ನಂಟು ಎಂದುಕೊಂಡು ಮೇಷ್ಟ್ರು ಒಬ್ಬರೇ ಅನ್ನ ಬಸಿದುಕೊಂಡು, ಒಬ್ಬರೇ ಲಿಂಗಪೂಜೆ ಮುಗಿಸಿ, ಒಬ್ಬರೇ ಉಣ್ಣುತ್ತಿದ್ದರು. ಭಾನುವಾರಗಳನ್ನು ಕಳೆಯುವುದು ಅವರಿಗೆ ಮಹಾ ಕಷ್ಟವಾಗುತ್ತಿತ್ತು.

ಶಾಲೆಯಲ್ಲೂ ಲೋಕ ಬದಲಾದಂತಿತ್ತು. ಸ್ಟಾಫ್‌ರೂಮಿನಲ್ಲಿ ಎಲ್ಲರೂ ಬಾಯೊಳಗೇ ಮಾತಾಡುತ್ತಾರೆ. ತಾವು ಪಾಠ ಮಾಡುವಾಗ ಹಿಂದಿನ ಬೆಂಚಿನವರು ಪಿಟ್ಟೆನ್ನುವುದಿಲ್ಲ, ಈಗಿನ ಮಕ್ಕಳು ಎಷ್ಟೋ ವಿಧೇಯರು ಎಂದು ಅವರು ಹೆಮ್ಮೆಪಟ್ಟುಕೊಂಡರು. ಹಿಂದಿನ ಬೆಂಚಿನಲ್ಲಿ ಅಂತ್ಯಾಕ್ಷರಿ ನಡೆಯುತ್ತಿತ್ತು. ನಿಜ ಹೇಳಿದವನು ಒಬ್ಬನೇ, ಆಟೊದವನು. ಸೈಕಲ್ಲಿನಲ್ಲಿ ಹೋಗುತ್ತಿದ್ದ ಮೇಷ್ಟ್ರ ಹಿಂದೆ ಹಾರ್ನ್ ಹೊಡೆದೂ ಹೊಡೆದೂ ಸಾಕಾಗಿ, ಪಕ್ಕಕ್ಕೆ ಬಂದು, "ಕಿವಿ ಕೇಳಕಿಲ್ವೇನ್ರೀ?" ಎಂದು ಮುಖಕ್ಕೇ ಕೂಗಿದ. ದೊಡ್ಡವರೆಂಬ ಮರ್ಯಾದೆ ಇಲ್ಲದ ಜನ ಎಂದು ಮೇಷ್ಟ್ರು ಮನಸ್ಸಿನಲ್ಲೇ ಬೈದುಕೊಂಡರು.

ತೊಂಬತ್ತೊಂಬತ್ತರ ಜೂನ್‌ನಲ್ಲಿ ಲಹರಿ ಎಂಬ ಹುಡುಗಿ ವಿಜ್ಞಾನದ ಟೀಚರಾಗಿ ಸೇರಿದಳು. ಎಷ್ಟೋ ವರ್ಷ ಹೊಸ ನೇಮಕವೇ ಆಗಿರಲಿಲ್ಲ, ಸೀಲಿಂಗ್ ಬಂದ ಮೇಲೆ ಮೊದಲ ಬಾಗಿಲು ಪರೀಕ್ಷೆ ಅವಳದೇ. ಮೇಷ್ಟ್ರು ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಪಡುವಣ ಬಾಗಿಲಲ್ಲಿ ನಿಂತರು. ಮೈಕು ಆರಿಸಿದರು. ಲಹರಿಯ ತುಟಿ ಆಡಿತು. ಮೇಷ್ಟ್ರಿಗೆ ಒಂದಕ್ಷರವೂ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿಸಿದರು, ಆಗಲೂ ಅದೇ. ಮೈಕಿನಲ್ಲಾದರೆ ಪ್ರಾರ್ಥನೆ ಅಷ್ಟಿಷ್ಟು ಕೇಳಿಸುತ್ತದೆ, ಮೈಕು ಆರಿಸಿದರೆ ಏನೂ ಇಲ್ಲ. ಅಂದರೆ ತಾವು ಹೇಳುತ್ತ ಬಂದದ್ದೇ ನಿಜ. ಸೀಲಿಂಗ್ ಹಾಲ್‌ನ ಪ್ರಾಣ ತೆಗೆದಿದೆ.

"ನಿನ್ನ ತಪ್ಪಲ್ಲ ಕಣಮ್ಮ," ಎಂದರು ಅವಳ ಹತ್ತಿರ ಹೋಗಿ. "ಆ ಹಲಗೆ ನುಂಗಾಕ್ಬುಡ್ತು ನಿನ್ ಮಾತ್ನ."

ಹುಡುಗಿ ತಪ್ಪು ತನ್ನದೆಂದೇ ತಿಳಿದಳು. ತಿಂಗಳೆರಡು ತಿಂಗಳಿಗೊಮ್ಮೆ ವೇದಿಕೆ ಹತ್ತಿ, ಮಕ್ಕಳೆದುರು ಫೇಲಾಗಿ ಇಳಿದಳು. ಶಾಲೆ ಬಿಟ್ಟ ಮೇಲೆ ಖಾಲಿ ತರಗತಿಯಲ್ಲಿ ಕೂಗಿ ಕೂಗಿ ಅಭ್ಯಾಸ ಮಾಡಿ ಗಂಟಲು ಕೆಡಿಸಿಕೊಂಡು, ಮೆಣಸಿನ ಕಷಾಯ ಕುಡಿಯುತ್ತ ಪಾಠ ಮಾಡಿದಳು. ಅವಳನ್ನು ನೋಡಿದಾಗಲೆಲ್ಲ ಮೇಷ್ಟ್ರಿಗೆ ಕರುಳು ಚುರ್ರೆನ್ನುತ್ತಿತ್ತು, ಸೀಲಿಂಗ್ ಮೇಲಿನ ಸಿಟ್ಟು ಇನ್ನಷ್ಟು ಏರುತ್ತಿತ್ತು.

ಹಾಲ್‌ನಲ್ಲಿದ್ದ ಉಳಿದವರೆಲ್ಲರಿಗೂ ಅವಳ ಮಾತು ಕೇಳಿಸಿತ್ತು. ಹೆಡ್‌ಮಾಸ್ಟರ್ ಅಶ್ವತ್ಥ ಅವರಿಗೂ ಕೇಳಿಸಿತ್ತು. ಆದರೆ ಅವರು ಮಾಡಿಕೊಂಡ ಅರ್ಥವೇ ಬೇರೆ. ಒಂದು ಸಂಜೆ ಮೇಷ್ಟ್ರನ್ನು ರೂಮಿಗೆ ಕರೆದು ಎದುರಿಗೆ ಕೂರಿಸಿಕೊಂಡರು.

"ಮೇಷ್ಟ್ರೇ, ಸೀಲಿಂಗ್ ತೆಗೆಸ್ಬೇಕು ಅಂತ ನಿಮಗೆ ಹಠ, ಅದು ಗೊತ್ತು. ಅದಕ್ಕೆ ಆ ಹುಡುಗೀನ ಯಾಕೆ ಗೋಳಾಡಿಸ್ತೀರಿ? ನನಗೆ ಕೇಳಿಸಿದ್ದು ನಿಮಗೆ ಕೇಳಿಸ್ಲಿಲ್ವೇ?"

"ನೀವು ಕೂರೋದು ಮುಂದುಗಡೆ ಸಾರ್. ಬಾಗ್ಲಲ್ಲಿ ನಿಂತು ನೋಡಿ, ಗೊತ್ತಾಗುತ್ತೆ."

"ಜನ ಏನಂತಾರೆ ಗೊತ್ತಾ? ಸಿದ್ದಲಿಂಗಸ್ವಾಮಿಗಳು ಬೇಕೂಂತ ಆಟ ಆಡ್ತಿದಾರೆ ಅಂತ."

ಮೇಷ್ಟ್ರ ಮುಖ ಕೆಂಪಾಯಿತು. ಸುಳ್ಳು ಹೇಳಿ ಗೊತ್ತಿಲ್ಲದ ಮನುಷ್ಯ. "ಸಾರ್, ಸೀಲಿಂಗ್ ತೆಗೆಸಿ. ತೆಗೆಸಿದ ಮೇಲೂ ಕೇಳಿಸ್ಲಿಲ್ಲ ಅಂದ್ರೆ ನಾನು ಆ ಬಾಗ್ಲಲ್ಲಿ ಮತ್ತೆ ನಿಲ್ಲೋಲ್ಲ. ಇದು ನನ್ನ ಮಾತು," ಎಂದು ಎದ್ದು ಬಂದುಬಿಟ್ಟರು.

ಅವರು ಹಿಡಿದದ್ದು ಉಡದ ಪಟ್ಟು. ಸಮಿತಿಯ ಅಧ್ಯಕ್ಷ ಸದಾಶಿವಯ್ಯನವರು ಅವರ ಹಳೆಯ ಶಿಷ್ಯರೇ. ಲಕ್ಷ್ಮೀಪುರಂನ ಅವರ ಮನೆಗೆ ಮೇಷ್ಟ್ರು ಓಡಾಡಿದ್ದೇ ಓಡಾಡಿದ್ದು. ಹಲಗೆಗಳೂ ಮಳೆಗೆ ನೆನೆದು ಅಲ್ಲಲ್ಲಿ ಹೊಟ್ಟೆ ಬಿಟ್ಟುಕೊಂಡಿದ್ದವು. ಕಟ್ಟಡಕ್ಕೆ ತೊಂಬತ್ತು ತುಂಬುವ ವರ್ಷ ಬೇರೆ. ಕೊನೆಗೆ ಸದಾಶಿವಯ್ಯನವರು, "ಆಗ್ಲಿ ಬುಡಿ ಮೇಷ್ಟ್ರೇ, ನಿಮ್ಮ ಆಸೆ ಯಾಕೆ ಮುರೀಲಿ, ಬೇಸಿಗೆ ರಜದಲ್ಲಿ ತೆಗೆಸ್ಬುಡಾಣ," ಎಂದರು.

ಎರಡು ಸಾವಿರದ ಇಸವಿಯ ಆ ಬೇಸಿಗೆ ಮೇಷ್ಟ್ರ ಬಾಳಿನಲ್ಲೇ ಒಳ್ಳೆಯ ಬೇಸಿಗೆ. ದಿನವೂ ಬುತ್ತಿ ಕಟ್ಟಿಕೊಂಡು ಹೋಗಿ ಕೆಲಸದವರ ನಡುವೆ ಕೂತರು. ಹಲಗೆ ಕಳಚಿದ ಹಾಗೆಲ್ಲ ಮೇಲಿನ ಕತ್ತಲು ಚೂರುಚೂರಾಗಿ ಹೊರಬಂತು. ಆಮೇಲೆ ಗವಾಕ್ಷಿಗಳ ಧೂಳು ಒರೆಸಿ ತೆರೆದರು. ಬೆಳಕು ಮೇಲಿನಿಂದ ಇಳಿದು ತೊಲೆಗಳ ಮೈಮೇಲೆ ಬಿತ್ತು. ತೇಗ ಒಂದಿಷ್ಟೂ ಹುಳ ಹಿಡಿದಿರಲಿಲ್ಲ. ಉದುರುತ್ತಿದ್ದ ಕಡೆ ಗಾರೆಯವರು ಹೊಸ ಸುಣ್ಣ ಅರೆದು ತುಂಬಿದರು. ಪಾರಿವಾಳ ಬರದ ಹಾಗೆ ಗವಾಕ್ಷಿಗಳಿಗೆ ಬಲೆ ಹೊಡೆದರು. ಓರೆಯಿಟ್ಟ ಇಟ್ಟಿಗೆಗಳ ಸಾಲು ಸಾಲನ್ನು ಕತ್ತೆತ್ತಿ ನೋಡುತ್ತ ಮೇಷ್ಟ್ರಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಪ್ರೇಮಲೀಲಾ ಹೋದಮೇಲೆ ಅವರು ನಕ್ಕದ್ದು ಅದೇ ಮೊದಲು. ಹಾಲ್ ಮತ್ತೆ ಮಾತಾಡುತ್ತದೆ, ತಮಗೂ ಯಾರದಾದರೂ ಮಾತು ಕೇಳುತ್ತದೆ ಎಂದು ಶಾಲೆ ತೆರೆಯುವ ದಿನವನ್ನೇ ಕಾದರು.

ಆ ಸೋಮವಾರ ಮಕ್ಕಳೆಲ್ಲ ಹಾಲ್‌ನಲ್ಲಿ ಸಾಲಾಗಿ ಕುಳಿತಿದ್ದರು. ಸದಾಶಿವಯ್ಯನವರೂ ಬಂದಿದ್ದರು. ಮೈಕನ್ನು ತೆಗೆದು ಕೋಣೆಗೆ ಸೇರಿಸಿದ್ದರು. ಮೇಷ್ಟ್ರು ಕೋಟಿನ ಗುಂಡಿ ಹಾಕಿಕೊಂಡು ಪಡುವಣ ಬಾಗಿಲಲ್ಲಿ ನೆಟ್ಟಗೆ ನಿಂತು, ಹೇಳು ಎಂದು ಕೈಯೆತ್ತಿದರು. ಲಹರಿ ವೇದಿಕೆಯ ಮೇಲೆ ಬಂದಳು. ಎದೆ ಹಿಡಿದುಕೊಂಡು ಒಂದು ಉಸಿರು ಎಳೆದುಕೊಂಡಳು. ಅವಳ ತುಟಿಗಳು ಆಡಿದವು.

ಮುಂದಿನ ಸಾಲಿನಿಂದ ಹಿಂದಿನ ಸಾಲಿನವರೆಗೆ ಮಕ್ಕಳ ಮುಖ ಅರಳಿದ್ದನ್ನು ಮೇಷ್ಟ್ರು ಕಂಡರು. ತೀರ ಹಿಂದೆ, ಅವರ ಕಾಲ ಬುಡದಲ್ಲೇ ಕೂತಿದ್ದ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಗೆಳತಿಯ ಕಡೆ ತಿರುಗಿ ನಕ್ಕಳು. ಅಶ್ವತ್ಥ ಅವರು ತಾರಸಿಯ ಕಡೆ ಕತ್ತೆತ್ತಿ ಬೆರಗಿನಿಂದ ತಲೆಯಾಡಿಸಿದರು. ಅವರಿಗೆಲ್ಲ ಏನೋ ಆಗಿತ್ತು. ಮೇಷ್ಟ್ರಿಗೆ ಏನೂ ಆಗಿರಲಿಲ್ಲ. ಗವಾಕ್ಷಿಗಳಿಂದ ಬೆಳಕು ಬೀಳುತ್ತಿತ್ತು, ತೊಲೆಗಳು ಇದ್ದಲ್ಲೇ ಇದ್ದವು, ಹಾಲ್ ತುಂಬ ಶ್ರೀರಾಂಪುರದ ಮನೆಯ ಮೌನವೇ ಇತ್ತು.

ಲಹರಿ ಇನ್ನೊಮ್ಮೆ ಹೇಳಿದಳು. ಈಗ ಎಲ್ಲರೂ ತಿರುಗಿ ಅವರನ್ನೇ ನೋಡುತ್ತಿದ್ದರು. ಇನ್ನೂ ಕೇಳಿಸುತ್ತಿಲ್ಲ, ಗಾರೆ ಸರಿಯಿಲ್ಲ, ಬಲೆ ಹೊಡೆದದ್ದೇ ತಪ್ಪು ಎಂದುಬಿಡಬಹುದಿತ್ತು. ಬಾಗಿಲಲ್ಲಿ ನಿಂತವರ ಮಾತಿಗೆ ಎದುರಿಲ್ಲ. ಹಾಗೆಂದಿದ್ದರೆ ಹುಡುಗಿ ಮತ್ತೆ ತಲೆ ತಗ್ಗಿಸಿ ಇಳಿದು ಹೋಗುತ್ತಿದ್ದಳು. ಹಾಗೆ ಹೇಳುವುದಕ್ಕೆ ಬಾಯಿ ತೆರೆದೂ ಇದ್ದರು. ಅಷ್ಟರಲ್ಲಿ ಲಹರಿಯ ಮುಖ ಕಂಡಿತು. ಒಂದು ವರ್ಷ ಆ ಮುಖವನ್ನು ಹಾಗೆ ಮಾಡಿದವರು ಯಾರೆಂದು ಅವರಿಗೆ ಆಗ ಹೊಳೆಯಿತು.

"ಹಾಲ್ ಸರಿಯಾಗಿದೆ," ಎಂದರು ಮೇಷ್ಟ್ರು. "ಆ ಹುಡುಗಿ ಮೊದಲ್ನೇ ದಿನದಿಂದಾನೂ ಸರಿಯಾಗೇ ಹೇಳಿದಾಳೆ ಅಂತ ಕಾಣುತ್ತೆ. ಕೇಳಿಸ್ದೇ ಇರೋದು ನನಗೆ. ನನ್ನ ಕಿವಿ ಹೋಗಿದೆ. ನಾನು ಇನ್ನು ಇಲ್ಲಿ ನಿಲ್ಲೋಲ್ಲ."

ತಮ್ಮ ಈ ಮಾತಾದರೂ ತಾರಸಿಗೆ ಏರಿ ವೇದಿಕೆಯವರೆಗೆ ಮುಟ್ಟಿತೋ ಇಲ್ಲವೋ ಅವರಿಗೆ ತಿಳಿಯಲಿಲ್ಲ. ಲಹರಿ ಓಡಿಬರುತ್ತಿದ್ದುದು ಕಂಡಿತು. ಅವಳು ಬಂದು ಕೈ ಹಿಡಿದುಕೊಂಡು ಏನೇನೋ ಹೇಳಿದಳು, ಅಳುತ್ತ ಹೇಳಿದ್ದರಿಂದ ತುಟಿಯ ಮೇಲೂ ಓದಲಾಗಲಿಲ್ಲ. ಮೇಷ್ಟ್ರು ಅವಳ ತಲೆ ಸವರಿ, "ನೀನು ಪಾಸ್ ಕಣಮ್ಮ," ಎಂದು ಮೆಟ್ಟಿಲಿಳಿದರು. ಸೈಕಲ್ ಹತ್ತಲು ಧೈರ್ಯವಾಗಲಿಲ್ಲ. ಅದನ್ನು ತಳ್ಳಿಕೊಂಡು ಶ್ರೀರಾಂಪುರದವರೆಗೆ ನಡೆದರು.

ದಾರಿಯುದ್ದಕ್ಕೂ ಅವರ ತಲೆಯಲ್ಲಿ ಒಂದೇ ಯೋಚನೆ. ಸೀಲಿಂಗ್ ಅಲ್ಲವೆಂದ ಮೇಲೆ ಕುಕ್ಕರೂ ಅಲ್ಲ, ಹಾಲಿನವನೂ ಅಲ್ಲ. ಹಾಗಾದರೆ ಮನೆಯಲ್ಲಿ ತಾವು ಇಷ್ಟು ವರ್ಷ ಜೊತೆಗಿಟ್ಟುಕೊಂಡು ಸಾಕಿದ ಮೌನ ಪ್ರೇಮಲೀಲಾ ಬಿಟ್ಟುಹೋದದ್ದಲ್ಲವೇ? ಅದೂ ಬರಿಯ ಕಿವಿಯ ರೋಗವೇ? ಇದನ್ನು ನೆನೆದು ಅವರಿಗೆ ಎಲ್ಲಕ್ಕಿಂತ ಹೆಚ್ಚು ಸಂಕಟವಾಯಿತು. ಹೆಂಡತಿ ಇನ್ನೊಂದು ಸಲ ಸತ್ತಂತಾಯಿತು.

ಅಂಬುಜಮ್ಮ ಕಾಂಪೌಂಡಿನ ಪಕ್ಕ ದಾಸವಾಳ ಬಿಡಿಸುತ್ತಿದ್ದರು. ಮೇಷ್ಟ್ರು ಸೈಕಲ್ ನಿಲ್ಲಿಸಿ ನೇರ ಅವರ ಎದುರಿಗೆ ಹೋಗಿ ನಿಂತರು. ಆಕೆಗೆ ಗಾಬರಿಯೇ ಆಯಿತು.

"ಅಂಬುಜಮ್ಮೋರೆ, ತಪ್ಪು ತಿಳೀಬೇಡಿ. ಒಂದು ಮಾತು ಕೇಳ್ಬೇಕು. ನೀವು ಯಾವತ್ತಾದ್ರೂ ನನ್ನ ಕರೆದಿದ್ರಾ?"

ಎದುರು ನಿಂತವರ ಮಾತು, ತುಟಿ ಕಾಣುವಂತಿದ್ದರೆ, ಅವರಿಗೆ ಇನ್ನೂ ತಿಳಿಯುತ್ತಿತ್ತು.

"ಯಾವತ್ತಾದ್ರೂ ಏನ್ಬಂತು ಮೇಷ್ಟ್ರೇ! ಪ್ರೇಮಲೀಲಾ ತೀರಿಕೊಂಡ ವರ್ಷವೆಲ್ಲ ಕರೆದಿದ್ದೇ ಕರೆದಿದ್ದು. ಕಾಫಿಗೆ ಕರೆದೆ, ಯುಗಾದಿಗೆ ಕರೆದೆ. ಇಲ್ಲಿಂದ್ಲೇ ಕೂಗ್ತಿದ್ದೆ, ನೀವು ತಿರುಗೂ ನೋಡ್ತಿರ್ಲಿಲ್ಲ. ನಮ್ಮೋರು ಬಾಗಿಲು ತಟ್ಟಿ ತಟ್ಟಿ ವಾಪಸ್ ಬಂದ್ರು, ಒಳಗೆ ದೀಪ ಉರೀತಿತ್ತು. ಯಾರೂ ಬೇಡ ಅನ್ಸಿರ್ಬೇಕು, ದುಃಖದಲ್ಲಿದಾರೆ ಅಂತ ಆಮೇಲೆ ನಾವೇ ಸುಮ್ಮನಾದ್ವಿ."

"ನನಗೆ ಕಿವಿ ಕೇಳೋಲ್ಲ. ಇವತ್ತು ಗೊತ್ತಾಯ್ತು."

ಅಂಬುಜಮ್ಮನ ಕೈಲಿದ್ದ ಹೂಬುಟ್ಟಿ ಓರೆಯಾಯಿತು.

"ಅಯ್ಯೋ ದೇವರೇ... ಪ್ರೇಮಲೀಲಾ ಹೇಳಿದ್ರು ನಂಗೆ," ಎಂದರು. "ಆಸ್ಪತ್ರೆಗೆ ಹೊರಟ ದಿನ, ಇಲ್ಲೇ ನಿಂತ್ಕೊಂಡು ಹೇಳಿದ್ರು. 'ನಮ್ಮೋರಿಗೆ ಕಿವಿ ಮಂದ ಆಗಿದೆ, ಅವರಿಗೇ ಗೊತ್ತಿಲ್ಲ. ಗೊತ್ತಾದ್ರೆ ಶಾಲೇಲಿ ಬಾಗ್ಲಲ್ಲಿ ನಿಲ್ಲಕ್ಕೆ ಅಳುಕ್ತಾರೆ, ಹೇಳ್ಬೇಡಿ. ಯಾರಾದ್ರೂ ಬಂದ್ರೆ, ಕರೆದ್ರೆ, ನಾನೇ ತಿಳಿಸ್ತಾ ಬಂದಿದೀನಿ. ನಾನು ಬರೋವರೆಗೆ ನೀವು ಎದುರಿಗೆ ಹೋಗಿ ಮಾತಾಡ್ಸಿ' ಅಂತ. ನಾಲ್ಕು ದಿನಕ್ಕೆ ವಾಪಸ್ ಬರ್ತಾರಲ್ಲ ಅಂತ ಹೂಂ ಅಂದೆ. ಅವರು ಬರ್ಲೇ ಇಲ್ಲ. ಆ ಗಲಾಟೇಲಿ ಮರೆತೇಬಿಟ್ಟೆ ಕಣ್ರೀ, ನಿಜವಾಗ್ಲೂ ಮರೆತೇಬಿಟ್ಟೆ."

ಮೇಷ್ಟ್ರು ಕೈ ಮುಗಿದು, ತಮ್ಮ ಗೇಟು ತೆರೆದು, ಮನೆಯ ಮುಂದಿನ ಜಗಲಿಯ ಮೇಲೆ ಕುಳಿತರು. ಹೆಂಡತಿ ಹೋದ ದಿನವೂ ನಾಲ್ಕು ಜನರ ಎದುರು ಅಳದೆ ಮೇಷ್ಟ್ರೆಂಬ ಮರ್ಯಾದೆ ಕಾಯ್ದುಕೊಂಡಿದ್ದವರು, ಈಗ ಮುಖ ಮುಚ್ಚಿಕೊಂಡು, ಬೀದಿಯವರಿಗೆ ಕೇಳಿಸಬಾರದೆಂದು, ತಮ್ಮ ಕಿವಿಗೆ ಕೇಳಿಸಿದ ಮಟ್ಟಿಗೆ ಸದ್ದಿಲ್ಲದೆ ಅತ್ತರು. ಎಷ್ಟೋ ಹೊತ್ತು ಅತ್ತರು.

ಕೈ ತೆಗೆದು ನೋಡಿದಾಗ ಅಂಬುಜಮ್ಮನ ಗಂಡ ಬರಿಗಾಲಲ್ಲಿ ಓಡಿಬರುತ್ತಿದ್ದರು. ಎದುರು ಮನೆಯವರು ಬಾಗಿಲು ತೆರೆದು ಹೊರಗೆ ಬಂದಿದ್ದರು. ಅದರಾಚೆಯ ಮನೆಯವರೂ, ಮೂಲೆಯ ಅಂಗಡಿಯವನೂ ಗೇಟಿನ ಹತ್ತಿರ ಬಂದು ನಿಂತು, ಎಲ್ಲರೂ ಒಟ್ಟಿಗೇ ಬಾಯಿ ಆಡಿಸುತ್ತಿದ್ದರು. ಇವರೆಲ್ಲ ಯಾಕೆ ಬಂದರೆಂದು ಮೇಷ್ಟ್ರಿಗೆ ತಿಳಿಯಲಿಲ್ಲ.